ಹೊಗೆಯಲ್ಲಡಗಿದ ಶಕ್ತಿ

ಹೆಚ್ಚು ಶಕ್ತಿಗೆ ಹೆಚ್ಚು ಗಾತ್ರ ಬೇಕು ಎಂಬುದು ಜನರಲ್ಲಿ ಬೇರೂರಿದ ನಂಬಿಕೆ. ಭಾರದ ಬಂಡಿಗೆ ದೊಡ್ಡ ಎತ್ತು, ಭಾರದ ವಾಹನಕ್ಕೆ ದೊಡ್ಡ ಎಂಜಿನ್ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಪೂರ್ತಿ ಸರಿಯಲ್ಲ. ವ್ಯರ್ಥವಾಗಿ ಹೋಗುತ್ತಿರುವುದನ್ನು ಗುರುತಿಸಿ ದುಡಿಸಿಕೊಳ್ಳುವುದೂ ಶಕ್ತಿಯ ಸಂಪಾದನೆಯೇ. ಚಿಕ್ಕ ಡೀಸೆಲ್ ಎಂಜಿನ್ನುಗಳಿಗೆ ಜೋಡಿಸುವ ಟರ್ಬೊಚಾರ್ಜರ್ ಈ ಮಾತಿಗೆ ಒಳ್ಳೆಯ ನಿದರ್ಶನ.

ಡೀಸೆಲ್ ಎಂಜಿನ್ ಮೊದಲು ಗಾಳಿಯನ್ನು ಒಳಗೆಳೆದುಕೊಂಡು ಬಲವಾಗಿ ಒತ್ತುತ್ತದೆ. ಒತ್ತಡದಿಂದ ಕಾದ ಆ ಗಾಳಿಯಲ್ಲಿ ಸಿಂಪಡಿಸಿದ ಇಂಧನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಷ್ಟು ಇಂಧನ ಚೆನ್ನಾಗಿ ಉರಿಯಬಲ್ಲದು ಎಂಬುದನ್ನು ಒಳಗಿರುವ ಗಾಳಿಯೇ ನಿರ್ಧರಿಸುತ್ತದೆ. ಗಾಳಿ ಸಾಲದಿದ್ದರೆ ಇಂಧನ ಕರಿಹೊಗೆಯಾಗುತ್ತದೆ. ಇತ್ತ ಗಾಳಿಗೆ ಕೊರತೆ. ಅತ್ತ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯೊಡನೆ ಹೊರಗೆ! ಈ ಹೊಗೆಯಿಂದಲೇ ಗಾಳಿಯನ್ನು ಏಕೆ ತುಂಬಿಸಬಾರದು ಎಂದು ಯೋಚಿಸಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಪೇಟೆಂಟಿಗೆ ಮಂಡಿಸಿದ ಆ ವಿಚಾರ ಫಲಿಸಲು ಇಪ್ಪತ್ತು ವರ್ಷ ಬೇಕಾಯಿತು. 1925ರಲ್ಲಿ ಅವನು ಎಂಜಿನ್ನಿನ ಬಲವನ್ನು ಶೇಕಡ 40ಕ್ಕೂ ಹೆಚ್ಚಿಸಿ ತೋರಿಸಿದನು. ಡೀಸೆಲ್ ಕಾರುಗಳಿಗೆ ಈ ಸಾಧನ ಬಂದುದು 1978ರಲ್ಲಿ, ಮರ್ಸಿಡಿಸ್ ಬೆಂಜ್ 300 ಎಸ್.ಡಿ. ಕಾರಿನೊಡನೆ.

ಇದರ ರಚನೆ ಸರಳ. ಒಂದು ದಂಡದ ಎರಡು ತುದಿಗಳಲ್ಲಿ ಎರಡು ಚಕ್ರಗಳು. ಬಿಸಿ ಹೊಗೆ ಬಸವನಹುಳುವಿನ ಚಿಪ್ಪಿನಾಕಾರದ ಕೋಶದಲ್ಲಿ ಸುತ್ತಿ, ಟರ್ಬೈನ್ ಚಕ್ರದ ಅಂಚಿನಿಂದ ನಡುವಿನತ್ತ ನುಗ್ಗಿ, ಅದನ್ನು ತಿರುಗಿಸಿ, ದಂಡದ ನೇರಕ್ಕೆ ಹೊರಬೀಳುತ್ತದೆ. ಅಂಚಿನಿಂದ ಕೇಂದ್ರಕ್ಕೆ ಸಾಗುವ ಇದೇ ತ್ರಿಜ್ಯೀಯ ಹರಿವು. ಇನ್ನೊಂದು ತುದಿಯ ಕಂಪ್ರೆಸರ್ ಚಕ್ರದ ಕೆಲಸ ಇದಕ್ಕೆ ವಿರುದ್ಧ. ಅದು ನಡುವಿನಿಂದ ಗಾಳಿಯನ್ನು ಸೆಳೆದು ಅಂಚಿನತ್ತ ಚಿಮ್ಮುತ್ತದೆ. ಚಿಮ್ಮಿದ ಗಾಳಿ ವಿಶಾಲವಾಗುವ ದಾರಿಯಲ್ಲಿ ವೇಗ ಕಳೆದುಕೊಂಡು ಒತ್ತಡ ಗಳಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ, ಅದನ್ನು ಇಂಟರ್‌ಕೂಲರಿನಲ್ಲಿ ತಣಿಸಿ ಸಿಲಿಂಡರಿಗೆ ಕಳುಹಿಸುವುದುಂಟು.

ದೊಡ್ಡ ಹಡಗುಗಳ ಎಂಜಿನ್ನುಗಳಲ್ಲಿ ಹೊಗೆ ದಂಡದ ನೇರಕ್ಕೇ ಹರಿಯುವ ಟರ್ಬೈನುಗಳಿವೆ. ಅವನ್ನೇ ಕಿರಿದಾಗಿಸಿದರೆ ಅಲಗುಗಳು ತೀರ ಚಿಕ್ಕವಾಗಿ, ಅವುಗಳ ತುದಿಯ ಸಂದಿನಲ್ಲೇ ಹೊಗೆ ನುಸುಳಿ ನಷ್ಟವಾಗುತ್ತದೆ. ತ್ರಿಜ್ಯೀಯ ಚಕ್ರವನ್ನಾದರೋ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಬಹುದು. ಅದು ಗಟ್ಟಿ, ಅಗ್ಗ. ಅಂಗೈಯಲ್ಲಿ ಹಿಡಿಯುವ ಈ ಚಕ್ರ ನಿಮಿಷಕ್ಕೆ 1,00,000ಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು!

ಹಾಗೆಂದು ಇದನ್ನು ಪುಕ್ಕಟೆಯ ಕೊಡುಗೆ ಎಂದು ಹೊಗಳುವವರ ಮಾತನ್ನು ನಾನು ಒಪ್ಪಲಾರೆ. ಟರ್ಬೈನ್ ಹೊಗೆಯ ದಾರಿಗೆ ಅಡ್ಡ ನಿಲ್ಲುವುದರಿಂದ ಪಿಸ್ಟನ್ನಿಗೆ ಅಷ್ಟು ಹೊರೆ ಹೆಚ್ಚುತ್ತದೆ. ಚಕ್ರ ವೇಗ ಪಡೆಯುವವರೆಗೆ ವಾಹನ ಕೊಂಚ ತಡವರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಬಳಸುವವನ ತಿಳಿವಳಿಕೆಯನ್ನು ಬೇಡುತ್ತದೆ. ಅದರ ದಂಡ ತೇಲುವುದು ಎಂಜಿನ್ನಿನಿಂದ ಬರುವ ಎಣ್ಣೆಯ ತೆಳುಪದರದ ಮೇಲೆ. ಶಿರಾಡಿ ಘಾಟಿಯಂಥ ಏರನ್ನು ಹತ್ತಿ ಬಂದ ವಾಹನವನ್ನು ಥಟ್ಟನೆ ನಿಲ್ಲಿಸಿ ಎಂಜಿನ್ ಆರಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ. ಟರ್ಬೈನಿನ ಕಾವು ಮಾತ್ರ ಆರಿರುವುದಿಲ್ಲ. ಬೇರಿಂಗಿನಲ್ಲಿ ಉಳಿದ ಎಣ್ಣೆ ಸುಟ್ಟು ಕಿಟ್ಟವಾಗುತ್ತದೆ. ಒಂದೆರಡು ನಿಮಿಷ ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟರೆ ಈ ಹಾನಿ ತಪ್ಪುತ್ತದೆ.

"ಓಡಿಸುವವನಿಗೆ ಓಡಿಸುವುದು ಗೊತ್ತಿದ್ದರೆ ಸಾಕು, ಒಳಗಿನ ಗುಟ್ಟು ಎಂಜಿನಿಯರಿಗಿರಲಿ" ಎನ್ನುವವರಿದ್ದಾರೆ. ಆ ಒಂದೆರಡು ನಿಮಿಷದ ತಾಳ್ಮೆಯೇ ಅವರಿಗೆ ಉತ್ತರ. ಕಾರಣ ಬಲ್ಲವನು ಕಾಯುತ್ತಾನೆ. ಅರಿಯದವನಿಗೆ ಕಾಯುವುದು ಕಾಲಹರಣವೆಂದೇ ತೋರುತ್ತದೆ. ಅಲ್ಲದೆ, ಈ ಸಾಧನ ಹೊಗೆಯನ್ನು ದುಡಿಸಿಕೊಳ್ಳುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಚಿಕ್ಕ ಎಂಜಿನ್ನಿನಿಂದ ಉಳಿಸಿದ ಇಂಧನವನ್ನು ಅತಿವೇಗಕ್ಕೆ ಸುರಿದರೆ ಜಾಣ್ಮೆಯೆಲ್ಲ ಮತ್ತೆ ಹೊಗೆಯಾಗಿಯೇ ಹೋಗುತ್ತದೆ. ಕಸದಿಂದ ರಸ ತೆಗೆಯುವ ವಿದ್ಯೆಯನ್ನು ಎಂಜಿನಿಯರು ಕೊಟ್ಟಿದ್ದಾನೆ. ಆ ರಸವನ್ನು ಕಸ ಮಾಡದಿರುವ ವಿವೇಕವನ್ನು ಬಳಸುವವರೇ ಗಳಿಸಬೇಕು.