ಬಂಧ ಬೇರೆ, ಅತಿಭಾರ ಬೇರೆ

ಮಾಕುಟ್ಟದಿಂದ ಘಟ್ಟವನ್ನೇರಿ ವಿರಾಜಪೇಟೆಯತ್ತ ಸಾಗಿದರೆ ಕಾಡು ಮುಗಿಯುತ್ತಲೇ ಕಾಫಿ ತೋಟಗಳು ಎದುರಾಗುತ್ತವೆ. ಕೊಡಗಿನ ಇಂಥ ತೋಟಗಳ ಲೈನ್‌ಮನೆಗಳಲ್ಲಿ ಯರವರು ಸಾಲದ ಹೆಸರಿನಲ್ಲಿ ತಲೆಮಾರುಗಳ ಕಾಲ ಜೀತ ಮಾಡಿದರು. ದಾಸ್ಯವು ಕಾನೂನಿನಲ್ಲಿ ಅಳಿದದ್ದಾದರೋ 1843ರಲ್ಲಿ! ಆ ವರ್ಷದ 5ನೆಯ ಕಾಯಿದೆ ಯಾವ ಒಡೆಯನನ್ನೂ ದಂಡಿಸಲಿಲ್ಲ. ದಾಸನ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮನ್ನಿಸಲಾರವೆಂದಷ್ಟೇ ಸಾರಿತು. ಜೀತದ ರದ್ದತಿಗೆ 1976ರ ಕಾಯಿದೆಯೇ ಬರಬೇಕಾಯಿತು. ನಡುವೆ 133 ವರ್ಷಗಳು ಸಂದವು.

ಕಾನೂನು ಇಂದಿಗೂ ಒಂದು ಬಾಗಿಲನ್ನು ತೆರೆದಿಟ್ಟಿದೆ. ಅದು ಸೆರೆಮನೆಯ ಬಾಗಿಲು. ಅಮೆರಿಕದಲ್ಲಿ ದಾಸ್ಯವನ್ನು ರದ್ದುಗೊಳಿಸಿದ 1865ರ 13ನೆಯ ತಿದ್ದುಪಡಿಯೇ ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸುವ ಬಲವಂತದ ದುಡಿಮೆಯನ್ನು ಉಳಿಸಿಕೊಂಡಿತು. ಭಾರತದ ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಹೇಳಿತು. ಅದೇ ನ್ಯಾಯಾಲಯ 1998ರಲ್ಲಿ, ಗುಜರಾತಿನ ಪ್ರಕರಣದಲ್ಲಿ, ಕಠಿಣ ಸಜೆಯ ಕೈದಿಯನ್ನು ಒಪ್ಪಿಗೆಯಿಲ್ಲದೆಯೂ ದುಡಿಸಬಹುದೆಂದಿತು; ನ್ಯಾಯೋಚಿತ ಕೂಲಿ ಕೊಡಬೇಕೆಂದೂ ವಿಧಿಸಿತು. ಆದರೆ ಆ ಕೂಲಿಯಿಂದ ಅನ್ನಬಟ್ಟೆಗಳ ವೆಚ್ಚವನ್ನು ಕಳೆಯಬಹುದಂತೆ. ಗೋಡೆಯ ಹೊರಗೊಂದು ಅಳತೆ, ಒಳಗೊಂದು ಅಳತೆ! ಜಾತಿ ನೋಡಿ ಕೈದಿಗಳಿಗೆ ಕಸ ಗುಡಿಸುವ, ಶೌಚಾಲಯ ತೊಳೆಯುವ ಕೆಲಸ ಹಂಚುತ್ತಿದ್ದ ಸೆರೆಮನೆ ನಿಯಮಗಳು ಅಸಿಂಧುವಾಗಲು 2024ರ ಅಕ್ಟೋಬರ್ ಬರಬೇಕಾಯಿತು.

ಕೊಲೆಗಾರನಿಗೂ ಕಳ್ಳನಿಗೂ ಕೂಲಿಯೇಕೆಂದು ಕೇಳುವವರುಂಟು. ನೊಂದವರ ಮೇಲಿನ ಕನಿಕರದಿಂದ ಈ ಪ್ರಶ್ನೆ ಹುಟ್ಟಿದ್ದರೆ ಅದಕ್ಕೆ 1998ರ ತೀರ್ಪಿನಲ್ಲಿಯೇ ಉತ್ತರವಿದೆ: ಕೂಲಿಯ ಒಂದು ಪಾಲನ್ನು ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರವಾಗಿ ತೆಗೆದಿಡಲು ಶಾಸನ ಬರಲೆಂದು ಅದು ಸೂಚಿಸಿತು. ಕೂಲಿಯೇ ಇಲ್ಲದಿದ್ದರೆ ನೊಂದವರಿಗೆ ಸಲ್ಲುವುದೇನು?

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆಚಾರ್ಯರು ಬಂಧವನ್ನೂ ಅತಿಭಾರವನ್ನೂ ಒಂದೇ ಹೆಸರಿನಲ್ಲಿ ಸೇರಿಸಲಿಲ್ಲ. ಸಮಾಜದ ರಕ್ಷಣೆಗೆಂದು ಒಬ್ಬನನ್ನು ಬಂಧಿಸಬೇಕಾಗಬಹುದು. ಅಷ್ಟರಿಂದ ಅವನ ಬೆನ್ನ ಮೇಲೆ ಬಿಟ್ಟಿಯ ಹೊರೆ ಹೊರಿಸುವ ಅಧಿಕಾರ ಯಾರಿಗೂ ಹುಟ್ಟುವುದಿಲ್ಲ.

ಶ್ರಾವಕರು ಇಲ್ಲಿ ಹೆಮ್ಮೆಪಡುವಂತೆಯೂ ಇಲ್ಲ. ಪರಿಗ್ರಹಪರಿಮಾಣದಲ್ಲಿ ಹೊಲ, ಮನೆ, ಹೊನ್ನಿನೊಡನೆ ದಾಸೀದಾಸರೂ ಎಣಿಕೆಗೆ ಬಂದಿದ್ದರು. ಅಂದು ಮಿತಿಯಿತ್ತೇ ಹೊರತು ನಿಷೇಧವಿರಲಿಲ್ಲ. ಇಂದಿನ ವ್ರತಿಗೆ ಆ ಮಿತಿ ಶೂನ್ಯವಾಗಬೇಕು.

ಸೆರೆಮನೆಯಲ್ಲಿ ತಯಾರಾದ ಪೀಠೋಪಕರಣವನ್ನೋ ಬಟ್ಟೆಯನ್ನೋ ಕೊಳ್ಳುವ ಬಸದಿ ಟ್ರಸ್ಟು ಅದರ ಬೆಲೆಯ ಜೊತೆಗೆ ದುಡಿದವನ ಕೂಲಿಯನ್ನೂ ವಿಚಾರಿಸಲಿ. ಅದಕ್ಕೂ ಮೊದಲು ಬಸದಿಯ ಅಂಗಳ ಗುಡಿಸುವವನ, ತೋಟದ ಲೈನ್‌ಮನೆಯಲ್ಲಿರುವವನ ವೇತನದ ಲೆಕ್ಕ ನೋಡಲಿ. ಕಾನೂನು ನಿಂತಲ್ಲಿಂದ ಮುಂದೆ ನಡೆಯದ ವ್ರತವನ್ನು ವ್ರತವೆಂದು ಕರೆಯುವುದೆಂತು?