ಮೂರು ಮನೆ, ಒಬ್ಬ ಅಜ್ಜ

ನಮ್ಮ ಟೀಮಿನ ಜರ್ಮನ್ ಸಹೋದ್ಯೋಗಿ ಒಮ್ಮೆ ವಿಡಿಯೋ ಕಾಲ್‌ನಲ್ಲಿ ಒಂದು ಫೈಲ್ ತೋರಿಸಿದ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಪಡೆಯಲ್ಲಿದ್ದ ಸೈನಿಕನೊಬ್ಬನ ಪಗಾರ ಪುಸ್ತಕ, ಪದಕದ ಜೊತೆ ಕೊಟ್ಟ ಪತ್ರಗಳು, ಎರಡು ಫೋಟೋ. ಸಂಬಂಧಿಕನೇನಲ್ಲ, ಸಂಗ್ರಹ ಇವನ ಹವ್ಯಾಸ ಅಷ್ಟೇ. ಪುಸ್ತಕದಲ್ಲಿ ಬರೆದ ಪದಕದ ತಾರೀಖು ಪತ್ರದ ತಾರೀಖಿಗೆ ತಾಳೆಯಾಗತ್ತಾ ಅಂತ ನೋಡ್ತಾನಂತೆ. ನಕಲಿ ಮಾಲು ಬಹಳ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮಜ್ಜನೂ ಬರ್ಮಾಕ್ಕೆ ಹೋಗಿ ಬಂದವರು. ಯಾರೋ ಅಪರಿಚಿತನ ಕಾಗದ ಇವನು ಜೋಪಾನ ಮಾಡಿದಾನೆ. ನಮ್ಮ ಹತ್ತಿರ ಏನಿದೆ?

ಚೌತಿಗೆ ಊರಿಗೆ ಹೋದಾಗ ಹುಡುಕಿದೆ. ಕುಮಟಾದ ಮನೆಯಲ್ಲಿ ಗ್ರೂಪ್ ಫೋಟೋ ಒಂದೇ. ಅದನ್ನೂ ಅಪ್ಪ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದಾರೆ. ಮಳೆಗಾಲದ ಥಂಡಿಗೆ, ಒರಲೆಗೆ ಹೆದರಿ ಮಾಡಿಸಿದ್ದು, ಪಾಪ. ಹಿಂದುಗಡೆ ಪೆನ್ಸಿಲ್ಲಿನಲ್ಲಿ ಏನೋ ಬರೆದಿತ್ತಂತೆ. ಈಗ ಪ್ಲಾಸ್ಟಿಕ್ ಕೆಳಗೆ ಬೂದು ಗೀರು ಮಾತ್ರ. ಪ್ಲಾಸ್ಟಿಕ್ ಕೀಳಹೋದರೆ ಫೋಟೋವೇ ಹರಿಯುತ್ತದೆ.

ಡಿಸ್ಚಾರ್ಜ್ ಪುಸ್ತಕ ಹೊನ್ನಾವರದಲ್ಲಿ ಅತ್ತೆಯ ಹತ್ತಿರ. ಕೇಳಿದ್ದಕ್ಕೆ, "ಎಂತಕ್ಕೋ ನಿಂಗೆ ಹಳೇ ಕಾಗದ? ಜಾಗದ ಹಿಸ್ಸೆ ಸುದ್ದಿ ಏನಾದ್ರೂ ಉಂಟಾ?" ಅಂದರು. ನಗುತ್ತಲೇ ಕೇಳಿದ್ದು, ಆದರೆ ಕಪಾಟಿನ ಕೀಲಿ ತೆಗೆಯಲು ಎರಡು ಚಾ ಆಗಬೇಕಾಯಿತು! ಪುಸ್ತಕದಲ್ಲಿ ನಂಬರು, ಸೇರಿದ ದಿನ, 1946ರಲ್ಲಿ ಬಿಟ್ಟ ದಿನ, ಬರಬೇಕಾದ ಪದಕಗಳ ಹೆಸರು ಎಲ್ಲಾ ಇದೆ. "ನಡತೆ" ಅನ್ನೋ ಕಡೆ ಇಂಗ್ಲಿಷಿನಲ್ಲಿ ಒಂದೇ ಶಬ್ದ, "ಉತ್ತಮ". ಅತ್ತೆಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪದಕಗಳು ಭಟ್ಕಳದಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಶರಾವತಿ ಸೇತುವೆ ದಾಟಿ ಹೋದೆ. ಬರ್ಮಾ ಸ್ಟಾರ್ ತಾಮ್ರ-ಸತುವಿನ ಮಿಶ್ರಲೋಹ, ಗುಜರಿಯವನಿಗೆ ಬರೀ ಹಿತ್ತಾಳೆ. ವಾರ್ ಮೆಡಲ್‌ನ ಒಂದು ಬದಿ ಆರನೇ ಜಾರ್ಜ್, ಇನ್ನೊಂದು ಬದಿ ಡ್ರ್ಯಾಗನ್ ಮೇಲೆ ನಿಂತ ಸಿಂಹ. ಮೊಬೈಲ್ ಟಾರ್ಚ್ ಹಾಕಿ ಅಂಚು ನೋಡಿದರೆ ಸಣ್ಣಕ್ಷರದಲ್ಲಿ ನಂಬರು, ಹೆಸರು. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಇದೇ ಪದಕದ ಮೇಲೆ ಸಾಮಾನ್ಯವಾಗಿ ಹೆಸರಿರುವುದಿಲ್ಲ, ನಮ್ಮವರದ್ದರಲ್ಲಿ ಇರುತ್ತದೆ. ಅತ್ತೆಯ ಪುಸ್ತಕದ ಫೋಟೋ ತೆಗೆದು ಪಕ್ಕಕ್ಕೆ ಹಿಡಿದೆ. ಅದೇ ನಂಬರು.

ಕಾರವಾರದಲ್ಲಿ ರಾಮಾ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ಹತ್ತಿರದ ಚೆಂಡಿಯಾದವರು. ಅವರೂ ಬರ್ಮಾದಲ್ಲಿದ್ದರು. 1948ರ ಏಪ್ರಿಲ್‌ನಲ್ಲಿ ನೌಶೇರಾ-ರಾಜೌರಿ ದಾರಿಯಲ್ಲಿ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದರು. ಅವರು ಏನು ಮಾಡಿದರು ಅನ್ನೋದು ಸರ್ಕಾರಿ ದಾಖಲೆಯಲ್ಲೇ ಬರೆದಿದೆ. ನಮ್ಮಜ್ಜನಂಥವರಿಗೆ ಈ ಪುಸ್ತಕ ಬಿಟ್ಟರೆ ಬೇರೆ ಪುಟವೇ ಇಲ್ಲ.

ಚಿಕ್ಕಪ್ಪನಿಗೆ ಎಲ್ಲಾ ಒಂದೇ ಕಡೆ ಇಡೋಣ ಅಂದೆ. "ಸ್ಟಾರ್ ಕೊಡೂದಿಲ್ಲ ಮಾರಾಯ. ಅಪ್ಪಂದು ಅಂತ ಇರೂದು ಅದೊಂದೇ. ಫೋಟೋ ತಕ್ಕೊಂಡು ಹೋಗು" ಅಂದರು. ಒತ್ತಾಯ ಮಾಡಲಿಲ್ಲ. ಮೂರು ಮನೆಯದ್ದನ್ನೂ ಎರಡೂ ಬದಿ ಫೋಟೋ ತೆಗೆದು ಒಂದು ಫೋಲ್ಡರ್‌ಗೆ ಹಾಕಿ, ಫ್ಯಾಮಿಲಿ ಗ್ರೂಪಿಗೆ ಲಿಂಕ್ ಕಳಿಸಿದೆ. ರೆಜಿಮೆಂಟಿನ ದಾಖಲೆ ಕಚೇರಿಗೆ ನಂಬರು ಬರೆದು ರಿಜಿಸ್ಟರ್ಡ್ ಪೋಸ್ಟ್ ಹಾಕಿದ್ದೇನೆ.

ಗ್ರೂಪಿನಲ್ಲಿ ಮೊದಲು ಬಂದ ರಿಪ್ಲೈ ಅತ್ತೆಯದ್ದು: "ಫೋಟೋದಲ್ಲಿ ಅಪ್ಪ ಎಡಗಡೆಯಿಂದ ಎಷ್ಟನೆಯವ್ರು?"

ಯಾರಿಗೂ ಗೊತ್ತಿರಲಿಲ್ಲ.