ಮಕ್ಕಳ ಲೆಕ್ಕ: ಮೀಟರಿನ ಗೆರೆ

ಜೂನ್‌ನಲ್ಲಿ ಅಲ್ಜೀಬ್ರಾ ಒನ್ ರೀಜೆಂಟ್ಸ್ ಪರೀಕ್ಷೆ, ಪಾಸಾಗೋಕೆ 65 ಬೇಕು. ಬೆಲ್‌ರೋಸ್‌ನ ನಮ್ಮ ಮನೆಗಳಲ್ಲಿ ಮಕ್ಕಳು ಸ್ಲೋಪು, ವೈ-ಇಂಟರ್‌ಸೆಪ್ಟು ಅಂತ ತಲೆ ಕೆರೆದುಕೊಳ್ತಿದ್ದಾರೆ. ಊರಲ್ಲಿ ನಾವು ಕಲಿತದ್ದು ವೈ = ಎಂಎಕ್ಸ್ + ಸಿ. ಇಲ್ಲಿ ಸಿ ಜಾಗದಲ್ಲಿ ಬಿ ಬರೀತಾರೆ, ಅಷ್ಟೇ. "ನಮಗೆ ಗೊತ್ತಿಲ್ಲಪ್ಪ" ಅಂತ ಎದ್ದು ಹೋಗಬೇಡಿ.

ಕ್ಯಾಬ್ ಓಡಿಸೋರು ಇದನ್ನ ದಿನಾ ನೋಡ್ತೀರಿ. ಹಳದಿ ಟ್ಯಾಕ್ಸಿ ಹತ್ತಿ ಕೂತರೆ ಮೀಟರಲ್ಲಿ 3 ಡಾಲರ್. ಗಾಡಿ ಇನ್ನೂ ಕದಲಿಲ್ಲ, ಎಕ್ಸ್ ಸೊನ್ನೆ. ಆ 3 ಡಾಲರೇ ಬಿ. ಆಮೇಲೆ ಮೈಲಿಯ ಐದನೇ ಒಂದು ಭಾಗಕ್ಕೆ 70 ಸೆಂಟ್, ಅಂದ್ರೆ ಮೈಲಿಗೆ 3.50. ಅದು ಎಂ, ಸ್ಲೋಪು. ಟ್ರಾಫಿಕ್ಕಲ್ಲಿ ನಿಂತ ಹೊತ್ತು, ಉಳಿದ ಸರ್‌ಚಾರ್ಜು ಸದ್ಯ ಬಿಡಿ. 4 ಮೈಲಿಗೆ 14, ಮೊದಲಿನ 3 ಸೇರಿ 17.

ರಾತ್ರಿ 8ರ ಮೇಲೆ 1 ಡಾಲರ್ ಜಾಸ್ತಿ. ಬಿ 4 ಆಯ್ತು, ಎಂ ಹಾಗೇ ಉಳೀತು. ಗೆರೆ ಮೇಲೆ ಸರೀತು, ಓರೆ ಬದಲಾಗಲಿಲ್ಲ. ಮ್ಯಾನ್‌ಹಟನ್ನಿಂದ ಜೆಎಫ್‌ಕೆಗೆ ಮೂಲ ದರವೇ 70 ಡಾಲರ್, ಎಷ್ಟು ಸುತ್ತಿದರೂ ಅಷ್ಟೇ. ಸ್ಲೋಪು ಸೊನ್ನೆ, ಗೆರೆ ಮಲಗಿಬಿಡುತ್ತೆ. (ಡ್ರೈವರ್ ಹೊಟ್ಟೆ ಉರಿಯೋದು ಬೇರೆ ಲೆಕ್ಕ.)

ಮಕ್ಕಳು ಎಡವೋದು ಇಲ್ಲಿ: ವೈ = 3 + 3.50ಎಕ್ಸ್ ಅಂತ ಬರೆದರೆ, ಮೊದಲು ಕಂಡ 3ನ್ನೇ ಸ್ಲೋಪು ಅಂತಾರೆ. ಎಕ್ಸ್ ಯಾವುದಕ್ಕೆ ಅಂಟಿಕೊಂಡಿದೆ ಅಂತ ಕೇಳಿ. ಗ್ರಾಫಲ್ಲಿ ಬರೀ ಚೌಕ ಎಣಿಸ್ತಾರೆ. ಒಂದು ಚೌಕಕ್ಕೆ ಎಷ್ಟು ಡಾಲರ್ ಅಂತ ಮೊದಲು ನೋಡಿಸಿ.

ಈ ವಾರ ಊಟಕ್ಕೆ ಕೂತಾಗ ಇದನ್ನ ಕೊಡಿ: ರಾತ್ರಿ 10ಕ್ಕೆ ಹತ್ತಿದೋರಿಗೆ ಮೀಟರು 25 ಡಾಲರ್ ತೋರಿಸಿದರೆ, ಎಷ್ಟು ಮೈಲಿ ಹೋದ್ರು?